ಹಗೇವಿನ ಮೇಲಿನ ಕೈ

ಬಂಡಿ ಅಫಜಲಪುರದ ದಾರಿ ಹಿಡಿದು ಹರದಾರಿಯಾದರೂ ನಿಂಬೆವ್ವ ಗಂಡನ ಕೂಡ ಒಂದು ಮಾತೂ ಆಡಿರಲಿಲ್ಲ. ಅವಳ ಮಡಿಲಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಒಣಮಣ್ಣಿನ ಹೆಂಟೆಯೊಂದಿತ್ತು. ಗಾಲಿ ಕಲ್ಲಿಗೆ ತಾಗಿದಾಗಲೆಲ್ಲ ಎರಡೂ ಕೈಯಿಂದ ಅದನ್ನು ಅವುಚಿಕೊಳ್ಳುತ್ತಿದ್ದಳು. ದೇವಿಂದ್ರಪ್ಪ ಎರಡು ಸಲ ತಿರುಗಿ ನೋಡಿ, ಮೂರನೆಯ ಸಲ ತಡೆಯಲಾರದೆ, "ಬಾಣಂತಿ ಕೂಸ ಹಿಡಕೊಂಡಂಗ ಹಿಡಕೊಂಡೀಯಲ್ಲ," ಎಂದು ನಕ್ಕ. "ನೀವು ಎತ್ತಿನ ಬಾಲ ನೋಡ್ರಿ," ಎಂದಳು ಅವಳು. ಅಷ್ಟು ಬೈಸಿಕೊಂಡದ್ದಕ್ಕೇ ಅವನ ಬೆನ್ನು ಹಗುರಾದದ್ದು ಅವಳಿಗೆ ಕಂಡಿತು. ಪಾಪ, ಮೂರು ತಿಂಗಳಿಂದ ಅವನಿಗೆ ಬೈಗುಳವೂ ಸಿಕ್ಕಿರಲಿಲ್ಲ. ಊರಿನವರಿಗೆ ಹೇಳಿದ್ದು ಸಂತೆಗೆ ಹೋಗುತ್ತೇವೆ ಎಂದು. ನಾಳಿದ್ದು ಎಳ್ಳಮಾಸಿ, ಹೊಲಕ್ಕೆ ಒಯ್ಯುವ ಭಜ್ಜಿಗೆ ಬದನೆ, ಗಜ್ಜರಿ, ಮೆಂತೆ, ಹಸಿಕಡಲೆ ಎಲ್ಲ ಬೇಕು, ಅದೇನೂ ಸುಳ್ಳಲ್ಲ. ಆದರೆ ಮೆಂತೆ ತರುವುದಕ್ಕೆ ಯಾರೂ ದೇವರ ಜಗಲಿಯ ಮೇಲಿಟ್ಟಿದ್ದ ಮಣ್ಣುಹೆಂಟೆ ಕಟ್ಟಿಕೊಂಡು ಹೋಗುವುದಿಲ್ಲ. ನೆರೆಮನೆಯ ಶರೀಫಾಬಿ ಅಫಜಲಪುರದಲ್ಲಿ ತಂಗಿಯ ಮನೆಯಲ್ಲಿದ್ದಾಳೆ, ಗಂಡ ಗೌಸಮೊಹಿದ್ದೀನ ಅಲ್ಲೇ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದಾನೆ, ಅಮಾಸಿ ಕಳೆದ ಮರುದಿನ ಇಬ್ಬರೂ ಜೇವರ್ಗಿಗೆ ಮಗಳು ಮುಮತಾಜಳ ಹತ್ತಿರ ಹೋಗಿ ಇನ್ನು ಅಲ್ಲೇ ಇದ್ದುಬಿಡುತ್ತಾರೆ ಎಂದು ನಿನ್ನೆ ಯಾರೋ ದೇವಿಂದ್ರಪ್ಪನ ಕಿವಿಗೆ ಹಾಕಿದ್ದರು. ಅವನು ಅದನ್ನು ಉಣ್ಣುತ್ತ ಹೇಳಿದ. ರೊಟ್ಟಿ ಬಡಿಯುತ್ತಿದ್ದ ನಿಂಬೆವ್ವ ಬಡಿಯುತ್ತಲೇ ಇದ್ದಳು, ರೊಟ್ಟಿಯ ಅಂಚು ಹರಿದು ಕೈ ಬರಿ ಹಲಗೆಗೆ ತಾಗುವ ತನಕ. ಜೇವರ್ಗಿಗೆ ಹೋದರೆ ಮುಗಿಯಿತು. ಅದಕ್ಕೂ ಮೊದಲು ಹೋಗಿ ತಪ್ಪಾಯಿತು ಎನ್ನಬೇಕು, ಮನೆಗೆ ಬಾ ಎನ್ನಬೇಕು. ಎರಡೇ ಮಾತು. ಊರಿನಲ್ಲಿ ಅವಳಷ್ಟು ದೊಡ್ಡ ದನಿ ಇನ್ನೊಬ್ಬರಿಗಿರಲಿಲ್ಲ, ಹಿತ್ತಲಲ್ಲಿ ನಿಂತು ಗೋಡೆಯಾಚೆಗೆ "ಶರೀಫೀ" ಎಂದು ಒದರಿದರೆ ಹೊಲದ ಹಕ್ಕಿ ಏಳುತ್ತವೆ ಎಂದು ಗೌಸಮೊಹಿದ್ದೀನ ನಗುತ್ತಿದ್ದ. ಆ ಗಂಟಲಿಗೆ ಈಗ ಎರಡು ಮಾತು ಭಾರವಾಗಿದ್ದವು.

ದಾರಿಯ ಎರಡೂ ಕಡೆ ಬಿಳಿಜೋಳ ತೆನೆ ಹಿರಿಯುತ್ತಿತ್ತು. ಇದೇ ಬಂಡಿಯಲ್ಲಿ, ಇದೇ ಜಾಗದಲ್ಲಿ ಕೂತು ಅವಳು ಹೋಗಿದ್ದು ಬಸವ ಜಯಂತಿಯ ಮರುದಿನ, ಆಗ ಎತ್ತುಗಳ ಮುಖ ಹೊಳೆಯ ಕಡೆಗಿತ್ತು. ರಜಾಕಾರರು ಪಕ್ಕದ ಊರಿಗೆ ಬಂದು ಹೋಗಿದ್ದಾರೆ, ನಾಳೆ ಇಲ್ಲಿಗೇ ಎಂದು ಸುದ್ದಿ ಬಂದಾಗ ಒಲೆಯ ಮೇಲಿನ ಬೇಳೆ ಇನ್ನೂ ಬೆಂದಿರಲಿಲ್ಲ. ಹೊಳೆ ಆಚೆ ನಿಜಾಮನ ರಾಜ್ಯವಲ್ಲ, ಮುಂಬಯಿ ಸರಕಾರದ ಸೀಮೆ, ಅಲ್ಲಿಗೆ ಹೋದರೆ ಜೀವ ಉಳಿಯುತ್ತದೆ ಎಂದು ಎಲ್ಲರೂ ಓಡುತ್ತಿದ್ದರು. ಶರೀಫಾಬಿ ಭೀಮೆಯ ದಂಡೆಯ ತನಕ ಬಂಡಿಯ ಹಿಂದೆ ನಡೆದು ಬಂದಳು. ಬರಬೇಡ ಅಂದರೆ ಕೇಳಲಿಲ್ಲ. ಬೇಸಿಗೆಯ ಹೊಳೆ ಮೊಳಕಾಲು ಉದ್ದಕ್ಕೆ ಹರಿಯುತ್ತಿತ್ತು. ನೀರಿಗಿಳಿಯುವಾಗ ನಿಂಬೆವ್ವ ಅತ್ತದ್ದು ಮನೆಗಲ್ಲ, ದನಕ್ಕಲ್ಲ. "ನನ್ನ ಹಗೇವ ನೋಡ್ಕೋ ಬೇ," ಎಂದು ಅತ್ತಳು. ಆಚೆ ದಂಡೆಯಲ್ಲಿ ಬೇವಿನ ಗಿಡಗಳ ಕೆಳಗೆ ಓಡಿಬಂದವರಿಗೆಂದು ತಗಡು ಹೊದಿಸಿದ ಛಾವಣಿ, ಒಂದೊಂದು ಮನೆಗೆ ಎರಡು ಚಾಪೆಯಷ್ಟು ಜಾಗ. ತವರಿನಿಂದ ತಂದ ಕಂಚಿನ ತಾಟು ಹಿಡಿದು ಊಟದ ಸಾಲಿನಲ್ಲಿ ನಿಲ್ಲಬೇಕು. ಬಡಿಸುವ ಹೆಂಗಸು ಒಳ್ಳೆಯವಳೇ, ಆದರೆ ಒಂದು ದಿನ ಪಕ್ಕದವಳಿಗೆ, "ನಿಜಾಮನ ಕಡೀ ಮಂದಿಗೆ ಹೊಟ್ಟಿ ದೊಡ್ಡವು ನೋಡವ್ವಾ," ಎಂದುಬಿಟ್ಟಳು. ನಿಂಬೆವ್ವನಿಗೆ ಕಿವಿ ಕಾದವು. "ನಮ್ಮ ಮನೀ ಮುಂದ ಹಗೇವ ತುಂಬಿ ಜೋಳ ಅದ, ನಾವೇನು ತಿರಕೊಂಡು ತಿನ್ನವ್ರಲ್ಲ," ಎಂದು ಸಾಲಿಗೆಲ್ಲ ಕೇಳುವ ಹಾಗೆ ಹೇಳಿದಳು. ಹಿಂದೆ ಮುಂದೆ ನಿಂತ ಹೆಂಗಸರು ನಕ್ಕರು. ಅಲ್ಲಿದ್ದವರಿಗೆಲ್ಲ ಬಿಟ್ಟುಬಂದ ಊರಿನಲ್ಲಿ ಒಂದೊಂದು ತುಂಬಿದ ಹಗೇವು ಇತ್ತು. ಆದರೂ ಅವಳು ಐದು ತಿಂಗಳು ಕಣ್ಣು ಮುಚ್ಚಿದರೆ ಅದನ್ನೇ ನೋಡುತ್ತಿದ್ದಳು. ಅಂಗಳದಲ್ಲಿ ಎರಡಾಳು ಆಳಕ್ಕೆ ತೋಡಿ, ಸುತ್ತ ಜೋಳದ ದಂಟಿನ ಕಣಿಕೆ ಹೊದಿಸಿ ಜೋಳ ತುಂಬಿದ ಗುಣಿ, ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಸಗಣಿಮಣ್ಣಿನ ಮೆತ್ತು, ಮೆತ್ತಿನ ನಡುವೆ ತನ್ನ ಬಲಗೈಯ ಅಚ್ಚು. ಹಗೇವು ಮುಚ್ಚಿದ ದಿನ ಮನೆಯ ಹಿರಿ ಹೆಣ್ಣುಮಗಳು ಹಸಿಮಣ್ಣಿನ ಮೇಲೆ ಐದು ಬೆರಳು ಊರಿ ಕೈ ಒತ್ತಬೇಕು, ಅದು ಅವಳ ಅತ್ತೆ ಹಾಕಿಕೊಟ್ಟ ರೂಢಿ. ಕೈ ಇಲ್ಲದ ಹಗೇವಿನಲ್ಲಿ ಲಕ್ಷ್ಮಿ ಕೂಡ್ರುವುದಿಲ್ಲ ಎನ್ನುತ್ತಿದ್ದಳು ಮುದುಕಿ. ಒಡೆಯುವ ದಿನ ಅದೇ ಕೈಯಿಂದ ನಮಸ್ಕಾರ ಮಾಡಿ ಒಡೆಯಬೇಕು.

"ನೀರು ಕುಡೀತೀಯೇನು?" ಎಂದ ದೇವಿಂದ್ರಪ್ಪ. ಬೇಡ ಎಂದು ತಲೆಯಾಡಿಸಿದಳು. ಅವನು ಎಷ್ಟು ಒಳ್ಳೆಯವನು ಎಂದರೆ ಮೂರು ತಿಂಗಳಲ್ಲಿ ಒಮ್ಮೆಯೂ "ನೀನೇ ಅಂದೆಯಲ್ಲ" ಎಂದಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಮಿಲಿಟರಿ ಬಂತು, ನಿಜಾಮನ ಆಟ ಮುಗಿಯಿತು ಎಂದು ಕೇಳಿ, ಮಹಾನವಮಿಗೆ ನಾಲ್ಕು ದಿನವಿರುವಾಗ ಹರಿಗೋಲಿನಲ್ಲಿ ಹೊಳೆ ದಾಟಿ ಮನೆಗೆ ಬಂದರು. ಅವಳು ಬಾಗಿಲು ತೆರೆಯುವುದಕ್ಕೂ ಮೊದಲು ಹಗೇವಿನ ಹತ್ತಿರ ಓಡಿದಳು. ಮೆತ್ತು ಹಾಗೇ ಇತ್ತು. ಕೂತು, ತಲೆಯ ಮೇಲೆ ಸೆರಗು ಹೊದ್ದು, ಅಚ್ಚಿನ ಮೇಲೆ ಕೈಯಿಟ್ಟಳು. ಕೈ ಕೂಡಲಿಲ್ಲ. ಹೆಬ್ಬೆರಳು ಕೂತರೆ ಕಿರುಬೆರಳು ಕೂಡ್ರದು. ಅಚ್ಚಿನ ಕಿರುಬೆರಳು ಹೊರಗೆ ಸೊಟ್ಟಗಿತ್ತು. ಆ ಬೆರಳು ಅವಳಿಗೆ ತನ್ನ ಬೆರಳಿನಷ್ಟೇ ಗೊತ್ತು. ಶರೀಫಾಬಿ ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಅರಳೆ ಹಿಂಜುವ ಬಿಲ್ಲು ಬಿದ್ದು ಮುರಿದ ಬೆರಳು, ನಿಂಬೆವ್ವನೇ ಅದಕ್ಕೆ ಬಿದಿರ ಚಕ್ಕೆ ಕಟ್ಟಿದ್ದಳು, ಸೊಟ್ಟ ಕಟ್ಟಿದ್ದಳು, ಅದಕ್ಕೇ ಸೊಟ್ಟ. ಎರಡು ವರ್ಷದ ಮೇಲೆ ಆ ಕೈಯೇ ನಿಂಬೆವ್ವನ ಮಗನನ್ನು ಈ ಲೋಕಕ್ಕೆ ಎಳೆದು ತಂದದ್ದು. ಇಷ್ಟೆಲ್ಲ ಗೊತ್ತಿದ್ದ ಬಾಯಿ ಏನಂದಿತು? ಐದು ತಿಂಗಳು ಸಾಲಿನಲ್ಲಿ ನಿಂತ ಹಸಿವು ಅಂದಿತೋ, ಬಡಿಸುವವಳ ಮಾತು ಅಂದಿತೋ, ಇವತ್ತಿಗೂ ಅವಳಿಗೆ ತಿಳಿಯದು. "ಅಯ್ಯಯ್ಯೋ, ನನ್ನ ಹಗೇವ ತೆಗದಾರ! ಇದು ಶರೀಫಿ ಕೈ!" ಎಂದು ಹಕ್ಕಿ ಏಳುವ ಹಾಗೆ ಒದರಿದಳು. ಅತ್ತೆ ಹೇಳುತ್ತಿದ್ದಳು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು. ಮುತ್ತು ಕಂಡವಳಲ್ಲ ನಿಂಬೆವ್ವ, ಮಾತು ಹೋದದ್ದು ಮಾತ್ರ ಕಣ್ಣಾರೆ ಕಂಡಳು. ಅದು ಓಣಿಯಿಂದ ಓಣಿಗೆ ಹೋಯಿತು.

ಚಪ್ಪಡಿ ಎತ್ತಿದರು. ಎತ್ತಿದ ಕೂಡಲೇ ಒಳಗೆ ಏನಿದೆ ಎಂದು ನೋಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಚ್ಚಿದ ಹಗೇವಿನ ಝಳ ಮನುಷ್ಯನನ್ನು ಉಸಿರು ಕಟ್ಟಿಸಿ ಕೊಲ್ಲುತ್ತದೆ, ಅದಕ್ಕೆ ಬಗ್ಗಿ ಕೂಡ ನೋಡಬಾರದು, ಬೆಳಗ್ಗೆ ತೆರೆದರೆ ಸಂಜೆಗೆ ದೀಪ ಇಳಿಬಿಟ್ಟು, ದೀಪ ಆರದಿದ್ದರೆ ಆಮೇಲೆ ಇಳಿಯಬೇಕು. ಎಲ್ಲರೂ ದೂರ ಸರಿದು ಕೂತರು. ಕೂತ ಮಂದಿಗೆ ಮಾತು ಬೇಕು, ಮಾತು ಇದ್ದೇ ಇತ್ತು. ಹೊಳೆ ದಾಟಿ ಬಂದ ಹರೆಯದವರು ಕೆಲವರು ಎದ್ದು ಹೋದರು. ಜೋಳ ಎಲ್ಲಿಟ್ಟೀಯೋ ಹೇಳು ಎಂದು ಗೌಸಮೊಹಿದ್ದೀನನ ಮನೆ ಹೊಕ್ಕರು, ಗಡಿಗೆ ಒಡೆದರು, ಏನೂ ಸಿಗಲಿಲ್ಲವೆಂದು ಸಿಟ್ಟಿನಿಂದ ಗಾದಿಗಳನ್ನು ಎಳೆತಂದು ಓಣಿಯಲ್ಲಿ ಕುಡುಗೋಲಿನಿಂದ ಸೀಳಿದರು. ಮದುವೆಯ ಸುಗ್ಗಿಗೆಂದು ಹೊಲಿದಿಟ್ಟ ಎಂಟು ಗಾದಿ. ಅರಳೆ ಓಣಿ ತುಂಬ ಹಾರಿತು, ನಿಂಬೆವ್ವನ ಅಂಗಳಕ್ಕೂ ಬಂತು, ತೆರೆದ ಹಗೇವಿನ ಒಳಗೂ ಒಂದಿಷ್ಟು ಇಳಿಯಿತು. ಗೌಸಮೊಹಿದ್ದೀನ ಯಾರಿಗೂ ಏನೂ ಅನ್ನದೆ, ಬಗ್ಗಿ ಬಗ್ಗಿ ಅರಳೆ ಆರಿಸಿ ಬುಟ್ಟಿಗೆ ತುಂಬುತ್ತಿದ್ದ. ನಿಂಬೆವ್ವ ಕಟ್ಟೆಯ ಮೇಲೆ ಕೂತು ನೋಡಿದಳು. ಎದ್ದು ಹೋಗಿ ಬಿಡ್ರೋ ಅನ್ನಬಹುದಿತ್ತು. ಅನ್ನಲಿಲ್ಲ, ಝಳ ಹೋಗಲಿ ಎಂದು ಕಾಯುತ್ತಿದ್ದಳು. ಹೊತ್ತು ಇಳಿದ ಮೇಲೆ ದೀಪ ಬಿಟ್ಟರು, ಆರಲಿಲ್ಲ, ದೇವಿಂದ್ರಪ್ಪ ಹಗ್ಗ ಹಿಡಿದು ಇಳಿದ. ಇಳಿದವನು ಸೊಂಟದ ತನಕ ಮಾತ್ರ ಮರೆಯಾದ. ಹಗೇವು ಅವರು ತುಂಬಿದಷ್ಟೇ ತುಂಬಿತ್ತು. ಅವನು ಒಂದು ಬೊಗಸೆ ಜೋಳ ಮೇಲಕ್ಕೆ ಚಾಚಿದ. ಒಣಗಿ ಗಲಗಲ ಎನ್ನುತ್ತಿತ್ತು, ನಡುವೆ ಬೇವಿನ ಎಲೆ. "ಶ್ರಾವಣದಾಗ ಹೊಳಿ ಏರಿದಾಗ ಒಳಗ ತಂಪು ಇಳದದ ಬೇ. ಎಲ್ಲಾ ಮ್ಯಾಲ ತಗದು, ಒಣಗಿಸಿ, ಹೊಸಾ ಕಣಿಕಿ ಹೊದಿಸಿ ಮತ್ತ ತುಂಬ್ಯಾರ," ಎಂದ. ಚಪ್ಪಡಿಯ ಸಂದಿಗೆ ನೀರು ಇಳಿಯದ ಹಾಗೆ ಸುತ್ತಲೂ ಅರಳೆ ತುರುಕಿತ್ತು. ಅದು ಹಾರಿ ಬಂದ ಅರಳೆಯಲ್ಲ, ಒತ್ತಿ ಒತ್ತಿ ತುಂಬಿದ್ದು.

ದೀಪ ಹಚ್ಚುವ ಹೊತ್ತಿಗೆ ಅವಳು ಶರೀಫಾಬಿಯ ಬಾಗಿಲ ತನಕ ಹೋದಳು. ಹನ್ನೆರಡು ಹೆಜ್ಜೆ. ಒಳಗೆ ದೀಪವಿರಲಿಲ್ಲ, ಸಪ್ಪಳವಿರಲಿಲ್ಲ. ಕೈ ಎತ್ತಿದಳು, ಬಡಿಯಲಿಲ್ಲ. ಬಾಯಿ ತೆರೆದಳು, ಬೆಳಗ್ಗೆ ಊರಿಗೆಲ್ಲ ಕೇಳಿದ ದನಿ ಈಗ ಹೊಸ್ತಿಲು ದಾಟಲಿಲ್ಲ. ನನ್ನ ಮುಖ ನೋಡಲಾರದೆ ಮಲಗಿದ್ದಾರೆ, ನಾಳೆ ಬರುತ್ತೇನೆ ಅಂದುಕೊಂಡು ಹೊರಳಿದಳು. ನಾಳೆ ಬಾಗಿಲಿಗೆ ಬೀಗವಿತ್ತು. ಅವತ್ತಿನಿಂದ ಹಗೇವಿನ ಮೇಲೆ ಚಪ್ಪಡಿ ಎಳೆದದ್ದು ಬಿಟ್ಟರೆ ಅವಳು ಮಣ್ಣು ಮೆತ್ತಿಲ್ಲ. ಮೆತ್ತಿದರೆ ಕೈ ಒತ್ತಬೇಕು. ಹುಳ ಬೀಳ್ತದ, ಮೆತ್ತು ಎಂದು ದೇವಿಂದ್ರಪ್ಪ ಹೇಳಿ ಹೇಳಿ ಸುಮ್ಮನಾದ. ಒಡೆದ ಮೆತ್ತಿನಲ್ಲಿ ಅಚ್ಚಿದ್ದ ತುಂಡನ್ನು ಮಾತ್ರ ಅವಳು ಆರಿಸಿ ಜಗಲಿಯ ಮೇಲಿಟ್ಟಳು.

ಅಫಜಲಪುರದ ಸಂತೆಯ ಗದ್ದಲದೊಳಗೂ ಅವಳಿಗೆ ಮೊದಲು ಕೇಳಿದ್ದು ಬಿಲ್ಲಿನ ಸಪ್ಪಳ. ಟಂಯ್, ಟಂಯ್. ಇಪ್ಪತ್ತೈದು ವರ್ಷ ಅದನ್ನು ಕೇಳಿಯೇ ಎದ್ದಿದ್ದಳು, ಮೂರು ತಿಂಗಳಿಂದ ಹೊತ್ತೇರಿದರೂ ಎಚ್ಚರವಾಗುತ್ತಿರಲಿಲ್ಲ. ದೇವಿಂದ್ರಪ್ಪ ಹುಣಸೆ ಗಿಡದ ಕೆಳಗೆ ಬಂಡಿ ಬಿಟ್ಟು, "ನೀ ಹೋಗು. ನಾ ಎತ್ತಿಗಿ ಮೇವು ಹಾಕ್ತೇನಿ," ಎಂದ. ಎತ್ತಿಗೆ ಹಸಿವಿರಲಿಲ್ಲ, ಅವನಿಗೆ ಧೈರ್ಯವಿರಲಿಲ್ಲ. ಓಣಿಯ ಒಳಗೆ ಒಂದು ಮನೆಯ ಪಡಸಾಲೆಯಲ್ಲಿ ಗೌಸಮೊಹಿದ್ದೀನ ಕೂತಿದ್ದ, ಗಡ್ಡದ ತುಂಬ, ಹುಬ್ಬಿನ ತುಂಬ ಅರಳೆ. ಮೊದಲಾಗಿದ್ದರೆ "ಏನ ಗೌಡಸಾನಿ, ಗಾದಿ ಮತ್ತ ತೂತಾತೇನು?" ಎಂದು ಕಾಡುತ್ತಿದ್ದ. ಈಗ ಬಿಲ್ಲು ಒಂದು ಸಲ ತಪ್ಪಿತು. "ಬಾ ಅಕ್ಕಾ. ಒಳಗ ಅದಾಳ," ಎಂದು ಮತ್ತೆ ಹಿಂಜತೊಡಗಿದ. ಆ ಮರ್ಯಾದೆ ಅವಳಿಗೆ ಏಟಿನಂತೆ ತಾಗಿತು.

ಶರೀಫಾಬಿ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಇಳಿದು ಹೋಗಿದ್ದಳು, ಕುಪ್ಪಸದ ತೋಳು ಸಡಿಲಾಗಿತ್ತು. ನೋಡಿದಳು, ಮೊರ ಪಕ್ಕಕ್ಕಿಟ್ಟಳು. "ಕೂಡು," ಎಂದಳು. ಎದ್ದು ಹೋಗಿ ತಾಟಿನಲ್ಲಿ ಶೇಂಗಾ ಬೆಲ್ಲ ತಂದಿಟ್ಟಳು. ಒಣ ತಿನಿಸಿಗೆ ಮೈಲಿಗೆಯಿಲ್ಲ ಎಂದು ಇಬ್ಬರ ಅತ್ತೆಯರೂ ಜಗಳವಾಡಿ ಜಗಳವಾಡಿ ಕಡೆಗೆ ಒಪ್ಪಿದ್ದ ತಿನಿಸು ಅದು. ನಿಂಬೆವ್ವ ಒಂದು ಶೇಂಗಾ ಬಾಯಿಗಿಟ್ಟುಕೊಂಡಳು.

"ನಮ್ಮ ಬೆಕ್ಕ ಎಲ್ಲಿ ಅದ?" ಎಂದಳು ಶರೀಫಾಬಿ.

"ನಮ್ಮ ಮನ್ಯಾಗ ಅದ. ಹಾಲು ಕುಡದು ಕುಡದು ಹಂದಿ ಆಗ್ಯಾದ."

"ನಿಮ್ಮ ಮನ್ಯಾಗ ಹಾಲು ಮುಚ್ಚಿಡಂಗಿಲ್ಲ, ಮೊದಲಿಂದ ಹಂಗ." ಶೇಂಗಾದ ತಾಟನ್ನು ಅವಳ ಕಡೆ ಸರಿಸಿ, "ಹಗೇವ ಮುಚ್ಚೀರಿ?"

"ಇಲ್ಲ. ಬರೇ ಕಲ್ಲ ಇಟ್ಟೇವಿ."

"ಯಾ ಅಲ್ಲಾ! ಹುಳ ಹತ್ತಂಗಿಲ್ಲೇನು? ನಾವಿಬ್ರೂ ನಾಕು ದಿವಸ ಮಾಳಗಿ ಮ್ಯಾಲ ಕೂತು, ಮೋಡ ನೋಡಿ ನೋಡಿ ಒಣಗಿಸಿದ ಜೋಳ ಅದು. ಹುಚ್ಚಿ ಅದೀಯೇನು ನೀ?"

ಆ ಬೈಗುಳ ಕೇಳಿ ನಿಂಬೆವ್ವನಿಗೆ ಕಣ್ಣು ತುಂಬಿದವು. ಮಡಿಲಿನ ಗಂಟು ಬಿಚ್ಚಿ ನಡುವೆ ಇಟ್ಟಳು. ಶರೀಫಾಬಿ ಅದನ್ನು ನೋಡಿದಳು, ಏನು ಎಂದು ಕೇಳಲಿಲ್ಲ. ಬಲಗೈ ಚಾಚಿ ಅಚ್ಚಿನ ಮೇಲಿಟ್ಟಳು. ಒಣಗಿ ಮಣ್ಣು ಕುಗ್ಗಿತ್ತು, ಕೈ ಅಚ್ಚಿಗಿಂತ ದೊಡ್ಡದಾಗಿತ್ತು, ಕಿರುಬೆರಳಿನ ಸೊಟ್ಟ ಮಾತ್ರ ಸರಿಯಾಗಿ ಕೂತಿತು.

"ತಪ್ಪಾತ ಶರೀಫಿ," ಎಂದಳು ನಿಂಬೆವ್ವ. ಮಾತು ಬಂದ ಮೇಲೆ ನಿಲ್ಲಲಿಲ್ಲ. "ಕದ್ದಾಕಿ ಯಾರರೇ ಕೈ ಒತ್ತಿ ಹೋಗ್ತಾಳೇನು? ಅಷ್ಟ ಬುದ್ಧಿ ಬರಲಿಲ್ಲ ನನಗ. ನನ್ನ ಹಾಳ ಬಾಯಿಂದ ಬಂತು. ಗೌಸಣ್ಣನ ಗಾದಿ ಸೀಳಾಗ ನಾ ಕಟ್ಟಿ ಮ್ಯಾಲ ಕೂತ ನೋಡೀನಿ. ಎದ್ದ ಬರಲಿಲ್ಲ. ನೀ ನನ್ನ ಬೈಯಿ, ಹೊಡಿ, ಆದ್ರ ಜೇವರ್ಗಿಗಿ ಹೋಗಬ್ಯಾಡ. ಮನೀಗ ಬಾ."

ಶರೀಫಾಬಿ ಬೆರಳಿನಿಂದ ಅಚ್ಚಿನ ದೂಳು ಒರೆಸಿದಳು. "ಹೆಣ್ಣಮಗಳ ಕೈ ಇಲ್ಲದ ಹಗೇವ ಕಂಡ್ರ ನೀ ಅಂಜ್ತೀ ಅಂತ ಒತ್ತೀನಿ ಬೇ. ಸೊಟ್ಟ ಬೆರಳ ನೋಡಿ, ಇದು ನಾ ಕಟ್ಟಿದ ಬಟ್ಟ ಅಂತ ನಗ್ತೀ ಅಂದ್ಕೊಂಡಿದ್ದೆ. ನೀ ಬಂದ ದಿವಸ, ಬಾಗಲ ಸಂದ್ಯಾಗ ನಿಂತಿದ್ದೆ, ನೀ ನಗೋದು ನೋಡಾಕ."

ಶರೀಫಾಬಿ ಮಣ್ಣಿನ ತುಂಡನ್ನು ತನ್ನ ಕಡೆಗೆ ಎಳೆದುಕೊಂಡಳು.

"ಗಾದಿದು ಬಿಡು. ನಮ್ಮ ಮನಿಯವರು ಮತ್ತ ಹಿಂಜಿ ಮತ್ತ ಹೊಲದಾರ, ಅದರಾಗೇನೂ ಇಲ್ಲ. ನೀ ಒದರಿದ್ದೂ ಬಿಡು, ಒದರೋದು ನಿನ್ನ ಗುಣ. ಅವತ್ತ ಸಂಜೀಕ ನಮ್ಮ ಬಾಗಲಿಗಿ ಬಂದಿದ್ದಿ."

"ನೀವು ಮಲಗಿದ್ರಿ…"

"ಯಾರ ಮಲಗಿದ್ರು? ನಿನ್ನ ಕಾಲುಂಗರದ ಸಪ್ಪಳ ನನಗ ತಿಳ್ಯಂಗಿಲ್ಲೇನು? ಅಗಳಿ ಮ್ಯಾಲ ಕೈ ಇಟಗೊಂಡು ನಿಂತಿದ್ದೆ ನಾ. ನಿನ್ನ ಉಸರ ಕೇಳ್ತಿತ್ತು. ಒಂದ ಸಲ ಶರೀಫೀ ಅಂದ್ರ ತೆಗದ ಬಿಡ್ತೇನಿ, ಅಂತಾಳ, ಈಗ ಅಂತಾಳ ಅಂತ ನಿಂತಿದ್ದೆ. ನೀ ಕರೀಲಿಲ್ಲ, ನಿಂಬಿ. ಅದಕ್ಕ ಊರ ಬಿಟ್ಟೇವಿ."

ಹೊರಗೆ ಬಿಲ್ಲು ನಡೆದೇ ಇತ್ತು. ಶರೀಫಾಬಿ ಎದ್ದಳು, ಶೇಂಗಾ ಬೆಲ್ಲವನ್ನು ಅವಳ ಸೆರಗಿಗೆ ಸುರಿದಳು, ಮಣ್ಣಿನ ತುಂಡನ್ನು ಮಾತ್ರ ತಿರುಗಿ ಕೊಡಲಿಲ್ಲ. "ಹೊತ್ತಾತು. ಎತ್ತು ಕಾಯಾಕತ್ತಾವ, ಹೋಗು," ಎಂದಳು. ನಿಂಬೆವ್ವ ಹೊಸ್ತಿಲು ದಾಟಿದ ಮೇಲೆ ಹಿಂದೆ ಬಾಗಿಲು ಮುಚ್ಚಿತು, ಅಗಳಿ ಬಿದ್ದ ಸಪ್ಪಳವಾಯಿತು.

ಅವಳು ನಡೆದಳು. ಬೇರೆಯವರ ಮನೆಗೆ ಬಂದವರು ಎದ್ದು ಹೋಗುವ ಹಾಗೆ ಸೆರಗು ಸರಿಮಾಡಿಕೊಂಡು ಓಣಿಯ ತುದಿಯ ತನಕ ನಡೆದಳು. ಹುಣಸೆ ಗಿಡದ ಕೆಳಗೆ ದೇವಿಂದ್ರಪ್ಪ ಎದ್ದು ನಿಂತದ್ದು ಕಂಡಿತು, ಅವನ ಕೈಯಲ್ಲಿ ಮೆಂತೆಯ ಕಟ್ಟಿತ್ತು. ಪಾಪ, ತಾನೇ ಸಂತೆ ಮಾಡಿದ್ದಾನೆ, ಬಾಡಿದ್ದನ್ನೇ ಆರಿಸಿದ್ದಾನೆ. ಏನಂದಳು ಎಂದು ಅವನು ಕೇಳುತ್ತಾನೆ, ಬರುವುದಿಲ್ಲ ಅಂದಳು ಎಂದು ಹೇಳಬೇಕು. ಆದರೆ ಬರುವುದಿಲ್ಲ ಎಂದು ಅವಳು ಅಂದಿರಲಿಲ್ಲ. ಹೋಗು ಅಂದಿದ್ದಳು. ಅಷ್ಟು ಹೊತ್ತು ಒಳಗೆ ಕೂತು ತಾನು ಅಂದದ್ದೆಲ್ಲ ಮೆಲ್ಲಗೆ, ಮಣ್ಣಿನ ತುಂಡಿನ ಮೇಲೆ ಬಗ್ಗಿ, ಯಾರಿಗೂ ಕೇಳದ ಹಾಗೆ ಅಂದದ್ದು ಅವಳಿಗೆ ಆಗ ಹೊಳೆಯಿತು. ಕಳ್ಳಿ ಅಂದದ್ದು ಊರಿಗೆಲ್ಲ ಕೇಳಿಸಿ, ತಪ್ಪಾಯಿತು ಅಂದದ್ದು ಕಿವಿಯಲ್ಲಿ. ನಿಂಬೆವ್ವ ಸೆರಗಿನ ಶೇಂಗಾ ಚೆಲ್ಲುತ್ತಿದ್ದುದನ್ನೂ ನೋಡದೆ ಹೊರಳಿದಳು. ಸಂತೆಯಿಂದ ಬರುವವರು ದಾರಿ ಬಿಟ್ಟರು. ಮುಚ್ಚಿದ ಬಾಗಿಲ ಮುಂದೆ ನಿಂತಳು. ಗೌಸಮೊಹಿದ್ದೀನ ತಲೆಯೆತ್ತಿ ನೋಡಿದ, ಬಿಲ್ಲು ನಿಂತಿತು.

"ಶರೀಫೀ!"

ಓಣಿಯ ಬಾಗಿಲುಗಳಲ್ಲಿ ಮುಖಗಳು ಕಂಡವು. ಯಾರದೋ ಮಾಳಿಗೆಯಿಂದ ಪಾರಿವಾಳ ಎದ್ದವು.

"ಶರೀಫೀ, ನಾ ಸುಳ್ಳ ಒದರೀನಿ, ನೀ ಕದ್ದಿಲ್ಲ, ನೀ ನನ್ನ ಮನೀ ಕಾದೀ! ಮನೀಗ ಬಾರಬೇ!"

ಒಳಗೆ ಬಾಗಿಲಿಗೆ ತೀರ ಹತ್ತಿರ ಬಳೆಯ ಸಪ್ಪಳವಾಯಿತು. ಆಮೇಲೆ ಮರದ ಆಚೆಯಿಂದ ಶರೀಫಾಬಿಯ ದನಿ ಬಂತು, ಒಡೆದಿತ್ತು, ಅದರೊಳಗೆ ನಗುವಿತ್ತೋ ಅಳುವಿತ್ತೋ ತಿಳಿಯಲಿಲ್ಲ.

"ಇದು ಇವತ್ತಿಂದಾತು. ಅವತ್ತ ಸಂಜೀದೂ ಕರೀ."

ನಿಂಬೆವ್ವ ಬಾಗಿಲಿಗೆ ಹಣೆ ಹಚ್ಚಿ ಕರೆದಳು.